ಬಸ್ಸಿನಲ್ಲಿ ನಿಂತು 'ಸರಿ ಮೇಡಂ' ಅಂದು ಕೆಟ್ಟೆ

ಬೆಂಗಳೂರಲ್ಲಿ ಕೆಲಸ ಬದಲಾಯಿಸೋಕೆ ಹೊರಟವರು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಈಗ ನನಗೆ ತಿಂಗಳಿಗೆ 40,000 ಕೈಗೆ ಬರುತ್ತದೆ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯವರು ಮೂರು ರೌಂಡ್ ಇಂಟರ್‌ವ್ಯೂ ಮಾಡಿದರು. ಆಮೇಲೆ ಎಚ್‌ಆರ್ ಮೇಡಂ ಫೋನು. "ಏಳು ಇಪ್ಪತ್ತು ಕೊಡ್ತೀವಿ, ಓಕೆನಾ?" ನಾನು ಬಿಎಂಟಿಸಿ ಬಸ್ಸಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್. 7,20,000ವನ್ನು ಹನ್ನೆರಡರಿಂದ ಭಾಗಿಸಿದೆ, ಅರವತ್ತು ಸಾವಿರ! "ಸರಿ ಮೇಡಂ" ಅಂದುಬಿಟ್ಟೆ. "ಲೆಟರ್ ಬರುತ್ತೆ ಸರ್, ನೀವು ಇವತ್ತೇ ಪೇಪರ್ ಹಾಕಿಬಿಡಿ" ಎಂದರು. ಹಾಕಿದೆ. ಪೆದ್ದನ ಹಾಗೆ ಇದ್ದ ಕೆಲಸಕ್ಕೆ ರಾಜೀನಾಮೆ ಹಾಕಿದೆ. ಊರಲ್ಲಿ ಅಮ್ಮ ಬೀದಿಗೆಲ್ಲ ಸುದ್ದಿ ಹೇಳಿದ್ದೂ ಆಯಿತು.

ಎಂಟು ದಿನ ಬಿಟ್ಟು ಲೆಟರ್ ಬಂತು. ಏಳು ಇಪ್ಪತ್ತರಲ್ಲಿ 1,08,000 ವೇರಿಯಬಲ್, ಅದೂ ವರ್ಷದ ಕೊನೆಗೆ, ಅವರಿಗೆ ಮನಸ್ಸು ಬಂದರೆ. 50,000 ಜಾಯಿನಿಂಗ್ ಬೋನಸ್, ಒಂದು ವರ್ಷ ತುಂಬಿದ ಮೇಲೆ (ಹಾಗಾದರೆ ಅದು ಜಾಯಿನಿಂಗ್ ಹೇಗೆ?). ಇನ್ಶೂರೆನ್ಸ್ 12,000. ಐದು ವರ್ಷ ದುಡಿದರೆ ಸಿಗುವ ಗ್ರಾಚ್ಯುಟಿಯೂ ಅದರೊಳಗೇ. ತಿಂಗಳಿಗೆ ಬೇಸಿಕ್ (ಮೂಲ ಸಂಬಳ) 24,000, ಅದರ 12 ಪರ್ಸೆಂಟ್ ಅಂದರೆ 2,880 ನನ್ನ ಪಿಎಫ್, ಕಂಪನಿ ಕಟ್ಟಬೇಕಾದ 2,880 ಕೂಡ ನನ್ನ ತಲೆಗೇ. ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದು ಕೈಗೆ ಬರೋದು ಸುಮಾರು 38,700. ಈಗಿನದಕ್ಕಿಂತ ಕಮ್ಮಿ! ಮೂರು ಸಲ ಕೂಡಿಸಿ ನೋಡಿದೆ, ಅಷ್ಟೇ.

ಫೋನ್ ಮಾಡಿದರೆ "ನಾನು ಸಿಟಿಸಿ ಹೇಳಿದ್ದು ಸರ್, ನೀವು ಅವತ್ತೇ ಸರಿ ಅಂದ್ರಲ್ವಾ?" ಎಂದರು. ಸಿಟಿಸಿ ಅಂದರೆ ನನ್ನ ಮೇಲೆ ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ಕೈಗೆ ಐವತ್ತಾದರೂ ಬೇಕು ಎಂದೆ. "ಬಜೆಟ್ ಇಲ್ಲ ಸರ್, ಆದರೆ ನಮ್ಮಲ್ಲಿ ಕಲಿಯೋಕೆ ತುಂಬಾ ಇದೆ." ಕಲಿತಿದ್ದನ್ನು ಓನರಿಗೆ ಬಾಡಿಗೆ ಅಂತ ಕೊಡಲಾ? ಸಿಟ್ಟಲ್ಲಿ ರಾತ್ರಿ ಹನ್ನೊಂದಕ್ಕೆ ಉದ್ದದ ಮೇಲ್ ಬರೆದೆ. ಬೆಳಗ್ಗೆ ಒಂದೇ ಸಾಲಿನ ಉತ್ತರ: "ನಿಮಗೆ ಒಳ್ಳೆಯದಾಗಲಿ."

ಫೋನಲ್ಲಿ ಎಷ್ಟು ಅಂದರೂ "ಮೇಲ್‌ನಲ್ಲಿ ಸಂಬಳದ ಪೂರ್ತಿ ಬ್ರೇಕಪ್ ಕಳಿಸಿ, ನೋಡಿ ಹೇಳ್ತೀನಿ" ಅನ್ನಿ, ಅಷ್ಟೇ. ಲೆಟರ್ ಕೈಗೆ ಬರದೆ ಪೇಪರ್ ಹಾಕಬೇಡಿ. ಆ ಸಿಹಿ ದನಿಯನ್ನಂತೂ ನಂಬಬೇಡಿ.

ನಿನ್ನೆ ಮ್ಯಾನೇಜರ್ ಮುಂದೆ ಹೋಗಿ ನಿಂತು ರಾಜೀನಾಮೆ ವಾಪಸ್ ಕೇಳಿದೆ. ಕೊಟ್ಟರು. "ಸಂಬಳದ ಹೈಕ್ ಟೈಮಲ್ಲಿ ಇದು ನನಗೆ ನೆನಪಿರುತ್ತೆ" ಅಂತ ನಕ್ಕರು. ಅಮ್ಮನಿಗೆ ಇನ್ನೂ ಹೇಳಿಲ್ಲ.