ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ

ಮನೆಯಲ್ಲಿ ಬಿಯರ್ ಮಾಡಿ ನೋಡೋಣ ಅಂತ ಹೊರಟವರು ಇದನ್ನು ಓದಿಕೊಂಡು ಮುಂದೆ ಹೋಗಿ. ನಾನು ಮಾಡಿದ ಮೊದಲ ಬಿಯರ್ ಗ್ಲಾಸಿಗೆ ಬರಲಿಲ್ಲ, ಗೋಡೆಗೆ ಹೋಯಿತು.

ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಇಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು ಕೇಂದ್ರ ಕಾನೂನು 1979ರಿಂದಲೇ ಬಿಟ್ಟಿದೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ. ಮಾರುವಂತಿಲ್ಲ, ಅಷ್ಟೇ.

ಕಳೆದ ಅಕ್ಟೋಬರ್‌ನಲ್ಲಿ ಕಿಟ್ ತಂದೆ. ಮೊಳಕೆ ಬಾರ್ಲಿಯ ಮಾಲ್ಟ್ ಪಾಕ, ಕಹಿಗೆ ಹಾಕುವ ಹಾಪ್ಸ್ ಹೂವು, ಯೀಸ್ಟ್ ಪೊಟ್ಟಣ, ಮುಚ್ಚಳದ ಬಕೆಟ್, ಒಳಗಿನ ಗ್ಯಾಸನ್ನು ಗುಳ್ಳೆಯಾಗಿ ಹೊರಗೆ ಬಿಡುವ ಏರ್‌ಲಾಕ್. ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಬೇಕಾ ಅಂತ ಕೇಳಿದರೆ ಅಂಗಡಿಯವನು, "ಮೊದಲ ಸಲಕ್ಕೆ ಯಾಕೆ? ಒಂದು ವಾರ ಬಿಡಿ, ಗುಳ್ಳೆ ನಿಂತರೆ ತುಂಬಿ" ಅಂದ. ಹತ್ತು ಡಾಲರ್ ಉಳಿಯಿತು ಅಂತ ನನಗೂ ಖುಷಿ.

ವಾಸನೆ ಬೇಡ ಅಂತ ಬಕೆಟ್ ಗ್ಯಾರೇಜಿನಲ್ಲಿಟ್ಟೆ. ಎರಡು ದಿನ ಏರ್‌ಲಾಕ್ ಬುಳುಬುಳು ಅಂತ ಒಂದೇ ಸಮ ಸದ್ದು ಮಾಡಿತು. ಆಮೇಲೆ ಚಳಿ ಜೋರಾಯಿತು. ಏಳನೇ ದಿನ ಗುಳ್ಳೆ ಪೂರ್ತಿ ನಿಂತಿತ್ತು. ಆಯಿತಲ್ಲ ಅಂತ 19 ಲೀಟರಿಗೆ 120 ಗ್ರಾಂ ಸಕ್ಕರೆ ಬೆರೆಸಿದೆ. ಬಾಟಲಿಯೊಳಗೆ ಗ್ಯಾಸ್ ಹುಟ್ಟಲು ಅಷ್ಟು ಬೇಕು, ಆ ಲೆಕ್ಕ ಸರಿಯಾಗಿಯೇ ಇತ್ತು. 48 ಬಾಟಲಿ ತುಂಬಿ, ಮೆಟ್ಟಿಲ ಕೆಳಗಿನ ಬೆಚ್ಚಗಿನ ಕಪಾಟಿನಲ್ಲಿ ಜೋಡಿಸಿದೆ.

ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುವುದು ನಾನೇ. ಚಳಿಗೆ ಹಿಟ್ಟು ಉಬ್ಬುವುದಿಲ್ಲ ಅಂತ ಓವನ್ನಿನ ಲೈಟ್ ಹಾಕಿ ಒಳಗಿಡುವವನೂ ನಾನೇ. ಬಿಯರ್ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ ನೋಡಿ! ನಾನು ಹಾಕಿದ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಬೇಕು. ಗ್ಯಾರೇಜಿನ ಚಳಿಗೆ ಅದು ಕೆಲಸ ಅರ್ಧಕ್ಕೆ ಬಿಟ್ಟು ಮಲಗಿತ್ತು. ಕಪಾಟಿನ ಬೆಚ್ಚಗೆ ತಾಗಿದ್ದೇ ಎದ್ದು, ಉಳಿದಿದ್ದ ಸಕ್ಕರೆಯನ್ನೂ ನಾನು ಹಾಕಿದ್ದನ್ನೂ ಸೇರಿಸಿ ತಿನ್ನತೊಡಗಿತು. ಒಂದು ಲೀಟರ್ ಬಿಯರಿನಲ್ಲಿ 4 ಗ್ರಾಂ ಸಕ್ಕರೆ ಹುಳಿತರೆ ಸುಮಾರು ಒಂದು ಲೀಟರ್ ಗ್ಯಾಸ್ ಬರುತ್ತದೆ. ಬಾಟಲಿ ಮುಚ್ಚಿದ್ದರೆ ಅದು ಹೋಗುವುದೆಲ್ಲಿಗೆ?

ಒಂಬತ್ತನೇ ರಾತ್ರಿ ಹನ್ನೊಂದರ ಹೊತ್ತಿಗೆ ಢಮ್ ಅಂತು. ಹೀಟರ್ ಸಿಡಿಯಿತು ಅಂದುಕೊಂಡು ಓಡಿದೆ. ಕಪಾಟಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು. ಕೈ ತೆಗೆದೆ, ಪುಣ್ಯ. ಬೆಳಿಗ್ಗೆ ನೋಡಿದರೆ ಒಳಗಿನ ಗೋಡೆಯಲ್ಲಿ ಬೆರಳುದ್ದದ ಗಾಜು ನಾಟಿ ನಿಂತಿತ್ತು. ಮೊದಲು ಹೋದವು, ಚೆಂದ ಕಾಣುತ್ತವೆ ಅಂತ ತಂದಿದ್ದ ತೆಳು ಗಾಜಿನ ಚೌಕ ಬಾಟಲಿಗಳು. ಅವು ಎಣ್ಣೆ, ವಿನೆಗರ್ ಇಡಲಿಕ್ಕೆ, ಗ್ಯಾಸ್ ತಡೆಯಲಿಕ್ಕಲ್ಲ. ಮಗನ ಬೂಟಿನೊಳಗೆ ಜನವರಿಯಲ್ಲೂ ಒಂದು ಚೂರು ಸಿಕ್ಕಿತು.

ನಿಮಗೂ ಹೀಗಾದರೆ ಒಂದು ಸಿಡಿಯಿತು, ಉಳಿದವು ಸರಿಯಿವೆ ಅಂತ ಬಗ್ಗಿ ನೋಡಬೇಡಿ. ಬಾಗಿಲು ಮುಚ್ಚಿ, ಮಕ್ಕಳನ್ನು ದೂರ ಇಡಿ. ನಾನು ಬೆಳಿಗ್ಗೆ ದಪ್ಪ ಜಾಕೆಟ್, ಗ್ಲೌಸ್, ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿಕೊಂಡು, ಬಾಟಲಿಗಳ ಮೇಲೆ ಕಂಬಳಿ ಹೊದಿಸಿ ಒಂದೊಂದಾಗಿ ಗ್ಯಾರೇಜಿಗೆ ಸಾಗಿಸಿದೆ. ತಣ್ಣಗಾದರೆ ಒತ್ತಡ ಇಳಿಯುತ್ತದೆ. ಮಾರನೇ ದಿನ ಮುಚ್ಚಳ ತೆಗೆದರೆ ಮುಕ್ಕಾಲು ಬಾಟಲಿ ನೊರೆಯಾಗಿಯೇ ಹೊರಗೆ ಹೋಯಿತು.

ಆ ಹತ್ತು ಡಾಲರಿನ ಹೈಡ್ರೋಮೀಟರ್ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಡೈರಿಯಲ್ಲಿ ಗಾಜಿನ ಕಡ್ಡಿ ತೇಲಿಸಿ ನೋಡುತ್ತಾರಲ್ಲ, ಅದೇ ಜಾತಿಯದ್ದು. ಸಕ್ಕರೆ ಜಾಸ್ತಿ ಇದ್ದರೆ ಮೇಲೆ ತೇಲುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ. ಬರೀ ನೀರಿಗೆ 1.000 ತೋರಿಸುತ್ತದೆ. ನನ್ನಂಥ ಬಿಯರ್ 1.050ರಲ್ಲಿ ಶುರುವಾಗಿ 1.012ರ ಆಸುಪಾಸಿಗೆ ಬರಬೇಕು. ಬಂದ ಮೇಲೂ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಅಲುಗದಿದ್ದರೆ ಮಾತ್ರ ತುಂಬಿ. ವೈನಿಗೂ ಇದೇ ಮಾತು, ಅದು ಇನ್ನೂ ಕೆಳಗಿಳಿಯುತ್ತದೆ, 1.000ಕ್ಕಿಂತ ಕೆಳಗೆ.

ಊರಲ್ಲಿರುವ ತಮ್ಮ ಇದನ್ನೆಲ್ಲ ಕೇಳಿಯೂ "ನಾನೂ ಮಾಡ್ಲಾ?" ಅಂದ. ಬೇಡ ಮಾರಾಯ, ಅಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆಯ ಕೇಸು ಅಂದೆ.

ನನ್ನ ಎರಡನೇ ಬಕೆಟ್ ಈಗ ಊಟದ ಕೋಣೆಯ ಮೂಲೆಯಲ್ಲಿದೆ. ಭಾನುವಾರ 1.014 ಇತ್ತು, ನಿನ್ನೆ 1.012. ಇನ್ನೂ ಇಳಿಯುತ್ತಿದೆ. ಬಾಟಲಿಗಳನ್ನು ತೊಳೆದು ಕವುಚಿಟ್ಟಿದ್ದೇನೆ.