ಆನ್‌ಲೈನ್ ಬೇಸ್ ಗಿಟಾರ್ ಕೋರ್ಸ್, ಎರಡು ವರ್ಷದ ಬಳಕೆ: ಪಾಠ ಚಲೋ, ಟ್ಯಾಬ್ ಕಾಟ

ಕೋರ್ಸಿನ ಹೆಸರು ಹೇಳುವುದಿಲ್ಲ. ಬೇಸ್ (ಕೆಳದನಿ ಕೊಡುವ ನಾಲ್ಕು ತಂತಿಯ ಗಿಟಾರ್) ಕಲಿಯಬೇಕೆಂದು ಹುಡುಕಿದವರ ಕಣ್ಣಿಗೆ ಮೊದಲು ಬೀಳುವ ನಾಲ್ಕೈದರಲ್ಲಿ ಇದೂ ಒಂದು. ಎಷ್ಟು ವಿಡಿಯೊ ಇವೆ, ಎಷ್ಟು ಲೆವೆಲ್ ಇವೆ, ಯಾವ ಫೋನಿನಲ್ಲಿ ನಡೆಯುತ್ತದೆ ಎಂಬುದೆಲ್ಲ ಅವರ ಪುಟದಲ್ಲೇ ಸಿಗುತ್ತದೆ, ಅದನ್ನು ಬಿಟ್ಟು ಉಳಿದದ್ದು ಬರೆಯುತ್ತೇನೆ.

ನನ್ನ ಪರಿಸ್ಥಿತಿ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕೆಳಗಿನ ಎಲ್ಲ ಅಭಿಪ್ರಾಯಕ್ಕೂ ಅದೇ ಬುಡ. ಮನೆ ಬೆಳಗಾವಿಯ ವಡಗಾವಿಯಲ್ಲಿ. ಉದ್ಯಮಬಾಗದಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ, ಪಾಳಿ ಬದಲಾಗುತ್ತಿರುತ್ತದೆ. ಹಾಗಾಗಿ ಇಂಥ ದಿನ, ಇಂಥ ಹೊತ್ತಿಗೆ ಎಂದು ಕ್ಲಾಸಿಗೆ ಹೋಗುವುದು ಆಗದ ಮಾತು. ಗಿಟಾರ್ ಕಲಿಸುವವರು ಊರಲ್ಲಿ ಇದ್ದಾರೆ. ಬೇಸನ್ನೇ ಕಲಿಸುವವರು ನನ್ನ ಸಮಯಕ್ಕೆ ಸಿಗಲಿಲ್ಲ. ಗೋವಾದಿಂದ ಚೋರ್ಲಾ ಘಾಟ್ ಹತ್ತಿಸಿ ತಂದ ಸೆಕೆಂಡ್ ಹ್ಯಾಂಡ್ ಬೇಸ್ ನನ್ನದು. ಕೋರ್ಸಿನ ವರ್ಷದ ಚಂದಾ ಡಾಲರಿನಲ್ಲಿ. ಕಾರ್ಡಿನ ಮೇಲೆ ಬ್ಯಾಂಕಿನವರು ಹಾಕುವ ವಿದೇಶಿ ಶುಲ್ಕ ಸೇರಿಸಿದರೆ ಆ ಬೇಸಿನ ಬೆಲೆಯ ಅರ್ಧದ ಹತ್ತಿರ ಹೋಗುತ್ತದೆ. ಒಂದು ಪಾಠವೂ ದಂಡವಾಗಬಾರದು ಎಂಬ ಹಟದಲ್ಲಿ ಕೂತವನ ವಿಮರ್ಶೆ ಇದು.

ಹೊಸಬರಿಗೆ ಒಂದು ಮಾತು. ಈ ಪಾಠಗಳನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಬೇಸಿನ ನಾಲ್ಕು ತಂತಿ ಇ, ಎ, ಡಿ, ಜಿ. ದಪ್ಪ ತಂತಿ ಇ, ಅದನ್ನು ಬಿಟ್ಟು, ಅಂದರೆ ಎಲ್ಲೂ ಬೆರಳು ಒತ್ತದೆ ನುಡಿಸಿದರೆ ಸುಮಾರು 41 ಹರ್ಟ್ಜ್, ಅಂದರೆ ಸೆಕೆಂಡಿಗೆ 41 ಕಂಪನ. ಎ ತಂತಿ 55. ಅಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿ ಫೋನಿನ ಚಿಕ್ಕ ಸ್ಪೀಕರಿಗಿಲ್ಲ. ಅದರಿಂದ ಬರುವುದು ಮೂಲ ದನಿಯ ಜೊತೆ ಹುಟ್ಟುವ ಮೇಲಿನ ದನಿಗಳು, ಹಾರ್ಮೋನಿಕ್‌ಗಳಷ್ಟೇ. ಸ್ವರ ಯಾವುದೆಂದು ಮಿದುಳು ಹೇಗೋ ಊಹಿಸಿಕೊಳ್ಳುತ್ತದೆ, ಆದರೆ ಸ್ವರ ಎಲ್ಲಿ ಮುಗಿಯಿತು ಎಂಬುದು ತಿಳಿಯುವುದಿಲ್ಲ. ಬೇಸಿನಲ್ಲಿ ಅರ್ಧ ವಿದ್ಯೆ ಇರುವುದು ಆ ಮುಗಿಸುವುದರಲ್ಲಿ.

ಕೋರ್ಸ್ ನನ್ನನ್ನು ಗೆದ್ದದ್ದೂ ಅಲ್ಲಿಯೇ. ಎರಡನೇ ಲೆವೆಲ್ಲಿನಲ್ಲಿ ಸ್ವರ ನಿಲ್ಲಿಸುವುದರ ಮೇಲೆಯೇ ಒಂದು ಪೂರ್ತಿ ಭಾಗ ಇದೆ. ಇ ತಂತಿ ನುಡಿಸುವಾಗ ಬಲಗೈ ಹೆಬ್ಬೆರಳು ಪಿಕಪ್ (ತಂತಿಯ ಕಂಪನ ಹಿಡಿಯುವ ಪಟ್ಟಿ) ಮೇಲೆ ಕೂತಿರುತ್ತದೆ. ಎ ತಂತಿಗೆ ಹೋದರೆ ಹೆಬ್ಬೆರಳು ಇ ತಂತಿಯ ಮೇಲೆ ಇಳಿದು ಅದರ ಬಾಯಿ ಮುಚ್ಚಿಸುತ್ತದೆ. ಡಿ, ಜಿ ಎಂದು ಮುಂದೆ ಹೋದಂತೆ ಹೆಬ್ಬೆರಳೂ ಹಿಂದಿನಿಂದ ಜಾರುತ್ತ ಬರುತ್ತದೆ. ಎಡಗೈಯಲ್ಲಿ ಒತ್ತಿದ ಬೆರಳನ್ನು ತಂತಿ ಬಿಟ್ಟು ಮೇಲೆ ಎತ್ತುವುದಲ್ಲ, ಒತ್ತಡ ಮಾತ್ರ ಸಡಿಲಿಸುವುದು. ಬೆರಳು ತಂತಿಗೆ ತಾಗಿಕೊಂಡೇ ಇರಬೇಕು, ಸ್ವರ ಕತ್ತರಿಸಿದಂತೆ ನಿಲ್ಲಬೇಕು. ಆಮೇಲೆ ಅಭ್ಯಾಸ: ಡ್ರಮ್ ನಡೆಯುತ್ತಿರುತ್ತದೆ, ಮೊದಲ ಪೆಟ್ಟಿಗೆ ನೀವು ಒಂದೇ ಒಂದು ಸ್ವರ ನುಡಿಸುತ್ತೀರಿ, ಎರಡನೇ ಪೆಟ್ಟಿಗೆ ಸ್ನೇರ್ (ಚಟ್ ಎನ್ನುವ ಡ್ರಮ್) ಬೀಳುವ ಕ್ಷಣದಲ್ಲಿ ಅದು ಮುಗಿಯಬೇಕು. ಇಷ್ಟೇ. ಇದರಲ್ಲೇನಿದೆ ಎನಿಸುತ್ತದೆ. ಮಾಡಿ ನೋಡಿ, ಬೆವರು ಬರುತ್ತದೆ. ಕೂಡಿಬಂದಾಗ ಮಾತ್ರ ಸ್ನೇರಿನ ಸದ್ದೇ ದೊಡ್ಡದಾದ ಹಾಗೆ ಕೇಳಿಸುತ್ತದೆ, ಯಾರೂ ವಾಲ್ಯೂಮ್ ಮುಟ್ಟದೆ.

ಇದನ್ನು ನಾನು ಮಗ್ಗದ ಜೊತೆ ಮಾಡತೊಡಗಿದೆ. ನಮ್ಮ ಓಣಿಯಲ್ಲಿ ಪವರ್‌ಲೂಮ್ ಇಲ್ಲದ ಮನೆ ಹುಡುಕಬೇಕು. ಪಕ್ಕದ ಕಾಕಾನ ಮನೆಯಲ್ಲಿ ಎರಡು ಇವೆ, ಗೋಡೆಗೆ ಹೊಂದಿಕೊಂಡು. ಒಂದೇ ಮಗ್ಗ ನಡೆಯುತ್ತಿದ್ದರೆ ಖಟ್ ಖಟ್ ಎಂದು ನೇರ ಪೆಟ್ಟು, ಅದರ ಜೊತೆ ಹೋಗುವುದು ಸುಲಭ. ಎರಡೂ ಶುರುವಾದರೆ ಅಸಲಿ ಪರೀಕ್ಷೆ. ಎರಡರ ವೇಗ ಒಂದೇ ಇರುವುದಿಲ್ಲ. ಸ್ವಲ್ಪ ಹೊತ್ತು ಒಟ್ಟಿಗೆ ಬೀಳುತ್ತವೆ, ಆಮೇಲೆ ಒಂದು ಹಿಂದೆ ಉಳಿಯುತ್ತ ಉಳಿಯುತ್ತ ಇನ್ನೊಂದರ ಪೆಟ್ಟುಗಳ ಸರಿ ನಡುವೆ ಬಂದು ಕೂರುತ್ತದೆ, ತಿರುಗಿ ಒಂದಾಗುತ್ತವೆ. ಹೆಡ್‌ಫೋನಿನ ಒಂದು ಕಿವಿ ಸರಿಸಿ, ಹತ್ತಿರದ ಮಗ್ಗವನ್ನೇ ಹಿಡಿದುಕೊಂಡು, ಇನ್ನೊಂದು ಎಷ್ಟು ಎಳೆದರೂ ಅದರ ಬೆನ್ನು ಹತ್ತದೆ ಒಂದೇ ಸ್ವರ ನುಡಿಸುತ್ತ ಹೋಗಬೇಕು. ಮದುವೆ ಆರ್ಕೆಸ್ಟ್ರಾದಲ್ಲಿ ಉತ್ಸಾಹಕ್ಕೆ ಬಿದ್ದು ಓಡುವ ಡ್ರಮ್ಮರ್ ಪಕ್ಕದಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು. ಪಾಳಿ ಮುಗಿಸಿ ಬಂದು, ಕೈ ತೊಳೆದು (ಕೂಲಂಟಿನ ಎಣ್ಣೆ ಒಂದು ಚೂರು ಉಳಿದರೂ ತಂತಿ ಹಾಳು), ಅವ್ವನ ಹಳೆ ಇಳಕಲ್ ಸೀರೆಯ ತುಂಡಿನಿಂದ ತಂತಿ ಒರೆಸಿ, ಟ್ಯೂನ್ ಮಾಡಿ, ಮಗ್ಗಕ್ಕೆ ಕಿವಿ ಕೊಟ್ಟು ಕೂರುವ ಆ ಹೊತ್ತು ನನ್ನ ದಿನದ ಅತಿ ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಒರೆಸುವುದು ನುಡಿಸಿದ ಮೇಲೂ ಆಗಬೇಕು. ಬೆಳಗಾವಿಯ ಮಳೆ ಸ್ಟೀಲ್ ತಂತಿಯನ್ನು ಬಿಡುವುದಿಲ್ಲ, ನೆಕ್ (ಬೇಸಿನ ಉದ್ದ ಹಿಡಿಕೆ) ಕೂಡ ಬಾಗುತ್ತದೆ, ಅದರೊಳಗಿನ ಸರಳು, ಟ್ರಸ್ ರಾಡ್, ಸ್ವಲ್ಪ ತಿರುಗಿಸಬೇಕಾಗುತ್ತದೆ.

ಎಡಗೈ ಬೆರಳಿನ ಪಾಠಕ್ಕೂ ಪೂರ್ತಿ ಅಂಕ. ತಂತಿಯ ಉದ್ದ 34 ಇಂಚು ಇರುವ ಬೇಸಿನಲ್ಲಿ ಮೊದಲ ಫ್ರೆಟ್ಟಿನ (ನೆಕ್ ಮೇಲಿನ ಲೋಹದ ಗೆರೆಗಳ ನಡುವಿನ ಮನೆ) ಅಗಲ ಸುಮಾರು 48 ಮಿಲಿಮೀಟರ್. 12ನೇ ಫ್ರೆಟ್ ದಾಟಿದ ಮೇಲೆ ಅದರ ಅರ್ಧ. ಎಲ್ಲ ಕಡೆಯೂ ಫ್ರೆಟ್ಟಿಗೊಂದು ಬೆರಳು ಎಂದು ಹಟ ಹಿಡಿದರೆ ಕೆಳಗಿನ ಫ್ರೆಟ್ಟುಗಳಲ್ಲಿ ಮಣಿಕಟ್ಟು ನೋಯುತ್ತದೆ. ಅಲ್ಲಿ ಡಬಲ್ ಬೇಸಿನವರ (ನಿಲ್ಲಿಸಿ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಹಾಗೆ ತೋರುಬೆರಳು, ನಡುಬೆರಳು, ಕಿರುಬೆರಳು ಬಳಸಿ, ಉಂಗುರಬೆರಳನ್ನು ಕಿರುಬೆರಳಿಗೆ ಆಸರೆ ಕೊಡಿ, ಮೇಲೆ ಹೋದ ಮೇಲೆ ನಾಲ್ಕೂ ಬೆರಳು ಬಿಡಿಸಿ ಎನ್ನುತ್ತದೆ ಕೋರ್ಸ್. ಬಲಗೈ ವಿಷಯದಲ್ಲೂ ಮಡಿ ಮಾಡುವುದಿಲ್ಲ. ಅಮೆರಿಕದ ಮೋಟೌನ್ ಕಂಪನಿಯ ರೆಕಾರ್ಡುಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಲ್ಲೇ ನಡೆಸಿದವರು, ಅಲ್ಲಿಯದೇ ಬೇಸ್ ವಾದಕಿ ಕ್ಯಾರಲ್ ಕೇ ಪಿಕ್ (ತಂತಿ ಮೀಟುವ ಚಿಪ್ಪು) ಹಿಡಿದವರು, ನಿಮ್ಮ ಕೈಗೆ ಒಗ್ಗಿದ್ದನ್ನು ಮಾಡಿ ಎಂದು ಹೇಳಿ ಮುಂದೆ ಹೋಗುತ್ತದೆ.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ತಕರಾರು.

ಹೆಚ್ಚುಕಡಿಮೆ ಪ್ರತಿ ಪಾಠದಲ್ಲೂ ಪರದೆಯ ಕೆಳಗೆ ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಬರಹ) ಓಡುತ್ತದೆ. ನಾಲ್ಕು ಗೆರೆ, ಗೆರೆಯ ಮೇಲೆ ಫ್ರೆಟ್ಟಿನ ಅಂಕಿ, ಎಡಕ್ಕೆ ಜಾರುತ್ತ ಬರುವ ಬಣ್ಣದ ಗುರುತು. ಯಾವ ಅಂಕಿ ಬಂತೋ ಅಲ್ಲಿ ಬೆರಳು ಇಡಿ, ಮುಗಿಯಿತು. ಆರಂಭದಲ್ಲಿ ವರದಾನ. ಆದರೆ ಅದನ್ನು ಆರಿಸುವ ಗುಂಡಿಯೇ ಇಲ್ಲ. ಟ್ಯಾಬ್ ಕಾಣದಂತೆ ಮಾಡುವ ಆಯ್ಕೆ ಕೊಡಿ ಎಂದು ಸಪೋರ್ಟಿಗೆ ಬರೆದೆ. ಸಲಹೆಗೆ ಧನ್ಯವಾದ, ತಂಡಕ್ಕೆ ತಿಳಿಸಿದ್ದೇವೆ ಎಂದು ಉತ್ತರ ಬಂತು. ವರ್ಷ ಕಳೆದ ಮೇಲೆ ಇನ್ನೊಮ್ಮೆ ಬರೆದೆ, ಅದೇ ಸಾಲುಗಳು ಬಂದವು. ಈ ನಡುವೆ ಆ ತಂಡ ಟ್ಯಾಬಿಗೆ ಹೊಸ ಬಣ್ಣಗಳನ್ನು ಸೇರಿಸಿದೆ.

ಇದು ಸಣ್ಣ ಗೊಣಗಾಟ ಎನಿಸಬಹುದು. ಒಂದು ಸಂಜೆ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೇ ಸಲ ನಿಂತವು, ವೈಫೈ ನಿಂತಿತು, ಪರದೆಯ ಮೇಲೆ ಅಂಕಿ ನಿಂತಿತು, ಅದರ ಜೊತೆಗೇ ನನ್ನ ಕೈ ನಿಂತಿತು. ವಾರಗಟ್ಟಲೆ ತಪ್ಪಿಲ್ಲದೆ ನುಡಿಸುತ್ತಿದ್ದ ಲೈನ್, ಮುಂದಿನ ಸ್ವರ ಮೇಲೋ ಕೆಳಗೋ ಎಂಬುದೂ ಗೊತ್ತಿಲ್ಲ. ಪಾಠ ಪೂರ್ತಿ ಕಣ್ಣಿನಿಂದ ಬೆರಳಿಗೆ ಹೋಗಿತ್ತು, ಕಿವಿಯ ಹತ್ತಿರ ಸುಳಿದೇ ಇರಲಿಲ್ಲ. ಆ್ಯಪಿನಲ್ಲಿ ಮಾತ್ರ ಆ ಪಾಠದ ಮುಂದೆ ಹಸಿರು ಟಿಕ್ ಬಿದ್ದಿತ್ತು.

ಅದಾದ ಮೇಲೆ ಪಕ್ಕದ ಕಾಕಾ ಭಜನೆಗೆ ಕರೆದರು. ಮಗ್ಗ ನಿಲ್ಲಿಸಿದ ಮೇಲೆ ಅವರು ಪೇಟಿ (ಹಾರ್ಮೋನಿಯಂ) ಹಿಡಿಯುವವರು.

"ಏನೋ ದಪ್ಪ ದನಿ ಬರ್ತೈತಲ್ಲ ನಿಮ್ಮ ಮನಿಯಿಂದ, ತಗೊಂಡ ಬಾ. ಮೃದಂಗದ ಜೋಡಿ ಛಲೋ ಕೂಡ್ತೈತಿ."

ಹೋದೆ. ಸುರ ಯಾವುದು ಕಾಕಾ ಎಂದರೆ "ಕಾಳಿ ಎರಡು" ಎಂದರು. ಕಾಳಿ ಎರಡು ಎಂದರೆ ಪೇಟಿಯ ಎರಡನೇ ಕಪ್ಪು ಮನೆ, ಡಿ ಶಾರ್ಪ್. ಕೋರ್ಸಿನಲ್ಲಿ ನಾನು ರೂಢಿಸಿಕೊಂಡದ್ದೆಲ್ಲ ಇ, ಎ, ಜಿ; ಗಿಟಾರಿಗೆ ಅನುಕೂಲವಾದ ಕೀಗಳು (ಶ್ರುತಿಗಳು), ಬಿಟ್ಟ ತಂತಿಗೆ ಅಲ್ಲಲ್ಲಿ ಉಸಿರಾಡಲು ಜಾಗ. ಡಿ ಶಾರ್ಪಿನಲ್ಲಿ ಸಾ ಆಗಲಿ ಪಾ ಆಗಲಿ ಬಿಟ್ಟ ತಂತಿಯಲ್ಲಿ ಸಿಗುವುದಿಲ್ಲ, ಅವು ಯಾವುದೂ ಆಧಾರಕ್ಕೆ ಬರುವುದಿಲ್ಲ. ನಾನು ಫೋನ್ ತೆಗೆದು ಯಾವುದಾದರೂ ಟ್ಯಾಬ್ ಸಿಗುತ್ತದೇನೋ ಎಂದು ನೋಡುತ್ತಿದ್ದೆ.

"ಮೊಬೈಲಿನ್ಯಾಗ ಏನ್ ನೋಡ್ತಿ ತಮ್ಮಾ? ಪೇಟಿ ಇಲ್ಲೆ ಐತಿ. ಸಾ ಹಿಡಿ, ಪಾ ಹಿಡಿ, ಸುಮ್ನ ಕುಂಡ್ರು."

ಸಾ ಎ ತಂತಿಯ 6ನೇ ಫ್ರೆಟ್ಟಿನಲ್ಲಿ ಸಿಕ್ಕಿತು. ಕೆಳಗಿನ ಪಾ ಅದೇ 6ನೇ ಫ್ರೆಟ್ಟಿನಲ್ಲಿ, ಇ ತಂತಿಯ ಮೇಲೆ. ಬೆರಳು ಅತ್ತಿತ್ತ ಸರಿಸುವ ಅಗತ್ಯವೂ ಇಲ್ಲ. ಮೊದಲ ಭಜನೆ ಪೂರ್ತಿ ಆ ಎರಡು ಸ್ವರದಲ್ಲೇ ದಾಟಿತು. ನಿಲ್ಲಿಸುವ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಸ್ನೇರಿನ ಬದಲು ತಾಳದ ಪೆಟ್ಟು, ಅಷ್ಟೇ ವ್ಯತ್ಯಾಸ.

ಥಿಯರಿ ಭಾಗದ ಬಗ್ಗೆ ಇಲ್ಲೇ ಹೇಳಬೇಕು. ಕೋರ್ಸ್ ಚೆನ್ನಾಗಿ ಮನವರಿಕೆ ಮಾಡಿಸುವ ಒಂದು ವಿಷಯವೆಂದರೆ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ಬದಲಿಸುವ ಶಕ್ತಿ ಬೇಸಿನವನ ಕೈಯಲ್ಲಿದೆ ಎಂಬುದು. ಗಿಟಾರಿನವನು ಸಿ, ಇ, ಜಿ ಎಂದು ಸಿ ಮೇಜರ್ ಹಿಡಿದಿರುತ್ತಾನೆ. ನೀವು ಕೆಳಗೆ ಎ ನುಡಿಸಿದಿರೋ, ಅದು ಎ ಮೈನರ್ ಸೆವೆನ್ ಆಗಿಬಿಟ್ಟಿತು. ಅವನ ಬೆರಳು ಅಲುಗಿಲ್ಲ, ಹಾಡಿನ ಮುಖ ಮಾತ್ರ ಬೇರೆ. ಈ ಹುರುಪಿನಲ್ಲಿ ಮುಂದಿನ ವಾರದ ಭಜನೆಯಲ್ಲಿ ಕಾಕಾ ಸಾ-ಗ-ಪ ಹಿಡಿದಾಗ ನಾನು ಕೆಳಗೆ ಧಾ ಕೊಟ್ಟೆ. ಪೇಟಿ ನಿಂತಿತು.

"ಸಾ ಎಲ್ಲಿ ಹೋತೋ?"

ಕಾರ್ಡ್ ಬದಲಾಗುತ್ತ ಹೋಗುವ ಸಂಗೀತಕ್ಕೆ ಬರೆದ ಥಿಯರಿ ಅದು. ಸಾ ನೆಲ ಬಿಟ್ಟು ಕದಲದ ಸಂಗೀತದಲ್ಲಿ ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಕೋರ್ಸ್ ಹೇಳಬೇಕೆಂದು ನಾನು ಕೇಳುವುದಿಲ್ಲ. ಅವರು ನಮ್ಮ ಓಣಿಯ ಭಜನಾ ಮಂಡಳಿಗೆ ಪಾಠ ಬರೆದವರಲ್ಲ. ಆದರೆ ಮೋಡ್‌ಗಳನ್ನು (ಒಂದೇ ಸ್ಕೇಲನ್ನು ಬೇರೆ ಬೇರೆ ಸ್ವರದಿಂದ ಶುರು ಮಾಡಿದರೆ ಸಿಗುವ ರೂಪಗಳು) ಕಲಿಸಿದ ರೀತಿಗೆ ಕ್ಷಮೆ ಇಲ್ಲ: ಡೋರಿಯನ್ ಎಂದರೆ ಮೇಜರ್ ಸ್ಕೇಲನ್ನು ಎರಡನೇ ಸ್ವರದಿಂದ ಶುರು ಮಾಡುವುದು, ಇದು ಅದರ ಆಕಾರ, ಟ್ಯಾಬ್ ನೋಡಿ ನುಡಿಸಿ. ಲೆಕ್ಕ ಸರಿ, ರುಚಿ ಸೊನ್ನೆ. ತಂಬೂರಿ ಆ್ಯಪಿನಲ್ಲಿ ಡಿ ಹಾಕಿಕೊಂಡು ಸಿ ಮೇಜರಿನ ಅದೇ ಸ್ವರಗಳನ್ನು ಡಿಯಿಂದ ನಿಧಾನ ನುಡಿಸಿ ನೋಡಿ. ಕೋಮಲ ಗಾಂಧಾರ, ಕೋಮಲ ನಿಷಾದ: ಹಿಂದೂಸ್ತಾನಿಯ ಕಾಫಿ ಥಾಟ್ (ರಾಗಗಳ ಮೂಲ ಸ್ವರಸಾಲು). ಮಿಕ್ಸೊಲಿಡಿಯನ್ ಖಮಾಜ್, ಲಿಡಿಯನ್ ಕಲ್ಯಾಣ, ಫ್ರಿಜಿಯನ್ ಭೈರವಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲಿಂದ ದೂರವಿಲ್ಲ. ಈ ಸ್ವರಗಳನ್ನು ಆಡುತ್ತ ಓಡಾಡುತ್ತ ಕೇಳಿ ಬೆಳೆದ ಕಿವಿಗಳು ನಮ್ಮವು. ಅವನ್ನು ಚೌಕಟ್ಟಿನ ಚಿತ್ರವಾಗಿ ಉರು ಹೊಡೆಯಬೇಕಾದ ಗತಿ ನಮಗೇಕೆ?

ತಕರಾರಿನ ತುದಿ ಇರುವುದು ಇಂಪ್ರೊವೈಸೇಷನ್ ಲೆವೆಲ್ಲಿನಲ್ಲಿ. ಶುರು ಭರ್ಜರಿಯಾಗಿದೆ. ಡಿ ಮೈನರ್ ಸೆವೆನ್‌ನಿಂದ ಜಿ ಸೆವೆನ್‌ಗೆ, ಅಲ್ಲಿಂದ ಸಿಗೆ ಹೋಗಬೇಕು. ಮೊದಲ ಮೂರು ಪೆಟ್ಟಿಗೆ ಕಾರ್ಡಿನ ಸ್ವರ, ನಾಲ್ಕನೆಯದಕ್ಕೆ ಮುಂದಿನ ಕಾರ್ಡಿನ ಮೂಲಸ್ವರದ, ಅಂದರೆ ರೂಟ್‌ನ, ಪಕ್ಕದ ಮನೆಯ ಸ್ವರ. ಡಿ, ಎಫ್, ಎ, ಎ ಫ್ಲ್ಯಾಟ್, ಜಿ, ಬಿ, ಡಿ, ಡಿ ಫ್ಲ್ಯಾಟ್, ಸಿ. ಆ ಫ್ಲ್ಯಾಟ್‌ಗಳು ಯಾವ ಸ್ಕೇಲಿಗೂ ಜವಾಬು ಕೊಡದೆ ಬಂದು ಮುಂದಿನ ಸ್ವರವನ್ನು ಕೈ ಹಿಡಿದು ಎಳೆಯುತ್ತವೆ. ಇಷ್ಟು ಹೇಳಿಕೊಟ್ಟ ಮೇಲೆ, ಈಗ ನೀವೇ ಮನಸ್ಸಿಗೆ ಬಂದಂತೆ ನುಡಿಸಿ ಎನ್ನುತ್ತಾರೆ ಮಾಸ್ತರರು. ಹಾಗೆನ್ನುತ್ತಿದ್ದಂತೆ ಪರದೆಯ ಕೆಳಗೆ ಟ್ಯಾಬ್ ಓಡಲು ಶುರು! ಅವರು ಮನಸ್ಸಿಗೆ ಬಂದಂತೆ ನುಡಿಸಿದ್ದರ ಟ್ಯಾಬ್. ಅದನ್ನು ಯಥಾವತ್ ನುಡಿಸಿದರೆ ಹಸಿರು ಟಿಕ್, ನಿಮ್ಮದೇ ಏನಾದರೂ ನುಡಿಸಿದರೆ ಕೆಂಪು. ನಾನು ಚಂದಾ ನಿಲ್ಲಿಸಲು ಗುಂಡಿ ಒತ್ತುವವನಿದ್ದೆ.

ಒತ್ತಲಿಲ್ಲ, ಯಾಕೆಂದರೆ ಪಟ್ಟಿಯ ತೀರ ಕೊನೆಗೆ, "ಹೆಚ್ಚುವರಿ" ಎಂಬ ತಲೆಬರಹದ ಕೆಳಗೆ ಕಿವಿಯ ಅಭ್ಯಾಸ ಎಂದು ಕೆಲವು ಪಾಠ ಇಟ್ಟಿದ್ದಾರೆ. ಅದೇ ಮಾಸ್ತರರು, ಕ್ಯಾಮೆರಾ ಮುಂದೆ ಕುರ್ಚಿ ಹಾಕಿಕೊಂಡು, ಎಡಿಟಿಂಗ್ ಇಲ್ಲ, ಟ್ಯಾಬ್ ಇಲ್ಲ. ಎರಡು ಸ್ವರ ನುಡಿಸುತ್ತಾರೆ, ಹಾಡಿ ಎನ್ನುತ್ತಾರೆ, ಕಾಯುತ್ತಾರೆ. ಹಾಡಿದ ಮೇಲೆ ಬೇಸಿನ ಮೇಲೆ ಹುಡುಕಿ ಎನ್ನುತ್ತಾರೆ, ಮತ್ತೆ ಕಾಯುತ್ತಾರೆ. ಬರುಬರುತ್ತ ಮೂರು, ನಾಲ್ಕು, ಪೂರ್ತಿ ಸಾಲು. ನಡುವೆ ಅವರೇ ಒಮ್ಮೆ ಅಪಸ್ವರ ಹಾಡಿ ನಗುತ್ತಾರೆ. ಯಾರಿಗೂ ತೋರಿಸಲು ನಾಚಿಕೆಯಾದಂತೆ ಮೂಲೆಗೆ ತಳ್ಳಿದ ಈ ಪಾಠಗಳು ಇಡೀ ಕೋರ್ಸಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳವು ಎನಿಸಿವೆ. ಅವುಗಳಿಂದಾಗಿ ಈಗ ಕಾಕಾ "ಕಾಳಿ ಒಂದು" ಎಂದರೂ "ಬಿಳಿ ಎರಡು" ಎಂದರೂ ಗಾಬರಿ ಇಲ್ಲ. ಭಜನೆ ಮುಗಿಯುವ ಮುನ್ನ ಲಯ ಏರಿದಾಗ ಸಾ ಬಿಟ್ಟು ಕೆಳಗಿನ ಪಾಕ್ಕೆ ಒಂದೊಂದೇ ಮೆಟ್ಟಿಲು ಇಳಿದು ಸಮಕ್ಕೆ ತಿರುಗಿ ಬರುವಷ್ಟು ಸ್ವಾತಂತ್ರ್ಯ ಸಿಕ್ಕಿದೆ. ಪೇಟಿ ನಿಂತಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಟ್ಯಾಬ್ ಆರಿಸುವ ಗುಂಡಿ ಬಂದ ದಿನ ನಾಲ್ಕೂವರೆ. ನನ್ನಂಥ ಸಂಬಳದವರು ವರ್ಷದ ಚಂದಾಕ್ಕೆ ಕೈ ಹಾಕದೆ, ಕೈಗೆ ಬಿಡುವಿರುವ ತಿಂಗಳು ನೋಡಿ ತಿಂಗಳ ಚಂದಾ ತೆಗೆದುಕೊಳ್ಳಿ. ಮೊದಲ ಎರಡು ಲೆವೆಲ್ ಮತ್ತು ಕೊನೆಯ ಕಿವಿ ಪಾಠಗಳನ್ನು ಜೊತೆಜೊತೆಗೆ ಮಾಡಿ. ಲ್ಯಾಪ್‌ಟಾಪ್ ಇದ್ದರೆ ಪರದೆಯ ಕೆಳಗಿನ ನಾಲ್ಕು ಬೆರಳಿನಷ್ಟು ಜಾಗಕ್ಕೆ ರಟ್ಟು ಸಿಕ್ಕಿಸಿಬಿಡಿ, ನಾನು ಸೀರೆ ಮಡಚುವ ರಟ್ಟು ಬಳಸುತ್ತೇನೆ. ಚಂದಾ ತಾನಾಗಿಯೇ ನವೀಕರಣವಾಗುವುದನ್ನು ನಿಲ್ಲಿಸುವ ಆಯ್ಕೆ ಫೋನಿನ ಆ್ಯಪಿನಲ್ಲಿ ಸಿಗುವುದಿಲ್ಲ, ಬ್ರೌಸರಿನಲ್ಲಿ ಲಾಗಿನ್ ಆಗಿ ಬಿಲ್ಲಿಂಗ್ ಪುಟಕ್ಕೆ ಹೋಗಬೇಕು.