ಮಕ್ಕಳ ರೋಗನಿರೋಧಕ ತಪಾಸಣೆ: ಶಿವಮೊಗ್ಗದ ಒಂದು ಕ್ಲಿನಿಕ್ಕಿನ ಸೇವೆ ಹೇಗಿದೆ?

ಶಿವಮೊಗ್ಗದ ಖಾಸಗಿ ಮಕ್ಕಳ ಕ್ಲಿನಿಕ್ಕೊಂದಕ್ಕೆ ತಿಂಗಳಿಗೊಂದು ಶನಿವಾರ ಬೆಂಗಳೂರಿನಿಂದ ತಜ್ಞ ವೈದ್ಯೆಯೊಬ್ಬರು ಬಂದು ರೋಗನಿರೋಧಕ ಶಕ್ತಿಯ ಅನುವಂಶಿಕ ದೋಷಗಳ ಬಗ್ಗೆ ಸಲಹೆ ನೀಡುತ್ತಾರೆ. ಹೊಸನಗರದ ಕಡೆಯ ನನ್ನ ತಂಗಿಯ ಮಗುವಿಗಾಗಿ ನಾವು ಈ ಸೇವೆ ಪಡೆದೆವು. ಹುಟ್ಟಿದಾಗ ಹಾಕಿಸಿದ, ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಗುಳ್ಳೆ ಒಡೆದು, ಒಣಗಿ, ಕಲೆಯಾಗುವುದು ಸಹಜ. ಎಡ ಕಂಕುಳಲ್ಲಿ ಏಳುವ ಸಣ್ಣ ಗಂಟು ಕೂಡ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಈ ಮಗುವಿನ ಗಂಟು ಮಾತ್ರ ಕೀವುಗಟ್ಟಿ, ಕುತ್ತಿಗೆಗೂ ಹಬ್ಬಿ, ಕ್ಷಯದ ಔಷಧಿಗೆ ತಗ್ಗಿ ಮತ್ತೆ ಮರುಕಳಿಸುತ್ತಿತ್ತು.

ಸಮಾಲೋಚನೆಯ ಗುಣಮಟ್ಟ ನಿಜಕ್ಕೂ ಉತ್ತಮವಾಗಿದೆ. ವೈದ್ಯೆ ಮೊದಲು ಕಾಗದದ ಮೇಲೆ ವಂಶವೃಕ್ಷ ಬರೆದರು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತಂಗಿಯನ್ನು ಸೋದರತ್ತೆಯ ಮಗನಿಗೇ ಕೊಟ್ಟಿದೆ ಎಂದಾಗ ಅವರಿಬ್ಬರ ನಡುವೆ ಜೋಡಿಗೆರೆ ಎಳೆದರು, ಯಾರನ್ನೂ ದೂರಲಿಲ್ಲ. ನುಂಗಿದ ರೋಗಾಣುವಿನ ಸುಳಿವನ್ನು ಭಕ್ಷಕ ಕೋಶವು ಇಂಟರ್‌ಲ್ಯೂಕಿನ್-12 ಎಂಬ ಸಂದೇಶವಾಹಕ ಪ್ರೋಟೀನಿನ ಮೂಲಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಮುಟ್ಟಿಸುತ್ತದೆ, ಅವು ಇಂಟರ್‌ಫೆರಾನ್-ಗಾಮಾ ಎಂಬ ಇನ್ನೊಂದು ಸಂದೇಶವಾಹಕವನ್ನು ಸುರಿಸಿ ಆ ರೋಗಾಣುವನ್ನು ಕೊಲ್ಲುವಂತೆ ಭಕ್ಷಕ ಕೋಶವನ್ನು ಹುರಿದುಂಬಿಸುತ್ತವೆ, ಈ ಸರಪಳಿಯ ಯಾವುದೇ ವಂಶವಾಹಿ ಕೆಟ್ಟರೆ ಬಿಸಿಜಿ ಲಸಿಕೆಯಲ್ಲಿರುವಂಥ ದುರ್ಬಲ ಮೈಕೋಬ್ಯಾಕ್ಟೀರಿಯವೂ (ಕ್ಷಯದ ಗುಂಪಿನ ರೋಗಾಣು) ಮಗುವನ್ನು ಕಾಡಬಲ್ಲದು ಎಂದು ಅವರು ವಿವರಿಸಿದರು. ಇಂಥ ದೋಷವೊಂದನ್ನು ಮೊದಲ ಬಾರಿಗೆ ಗುರುತಿಸಿದ್ದು 1996ರಲ್ಲಿ, ಇಂಟರ್‌ಫೆರಾನ್-ಗಾಮಾ ಸಂದೇಶವನ್ನು ಕೋಶದ ಮೇಲೆ ಹಿಡಿಯುವ ಗ್ರಾಹಕದ ವಂಶವಾಹಿಯಲ್ಲಿ. ಲಸಿಕೆಯೇ ಕೆಟ್ಟದ್ದೆಂದು ಊರಲ್ಲಿ ಹೇಳಬೇಡಿ ಎಂದೂ ಎಚ್ಚರಿಸಿದರು. ಅದು ಬೇಕಾದ ಮಾತೇ ಆಗಿತ್ತು.

ಪರೀಕ್ಷೆಗಳ ಕ್ರಮವೂ ವಿವೇಕದಿಂದ ಕೂಡಿದೆ. ದುಬಾರಿ ವಂಶವಾಹಿ ಪರೀಕ್ಷೆಗೆ ನೇರವಾಗಿ ಕೈಹಾಕದೆ, ಮೊದಲು ರಕ್ತಕಣಗಳ ಎಣಿಕೆ, ಎಚ್‌ಐವಿ, ಇಮ್ಯುನೊಗ್ಲೋಬ್ಯುಲಿನ್ (ಪ್ರತಿಕಾಯ), ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ವಿಂಗಡಣೆ ಹಾಗೂ ಬಿಳಿ ರಕ್ತಕಣಗಳ ಕೊಲ್ಲುವ ಶಕ್ತಿಯನ್ನು ಅಳೆಯುವ ಡಿಎಚ್‌ಆರ್ ಪರೀಕ್ಷೆ ಮಾಡಿಸಿದರು.

ಸೇವೆ ಎಡವಿರುವುದು ಇಲ್ಲಿಯೇ. ಡಿಎಚ್‌ಆರ್‌ಗೆ ಜೀವಂತ ಕಣಗಳು ಬೇಕು, ಆದ್ದರಿಂದ ರಕ್ತವು ಒಂದು ದಿನದ ಆಸುಪಾಸಿನಲ್ಲಿ ಪ್ರಯೋಗಾಲಯ ತಲುಪಬೇಕು. ಶನಿವಾರ ಸಂಜೆ ತೆಗೆದ ರಕ್ತ ಸೋಮವಾರದವರೆಗೆ ಕ್ಲಿನಿಕ್ಕಿನಲ್ಲೇ ಉಳಿದು ಹಾಳಾಯಿತು. ಅಳುವ ಮಗುವಿನ ಕೈಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಯಿತು. ಮರುಪರೀಕ್ಷೆಗೆ ಹಣ ಕೇಳಲಿಲ್ಲವಾದರೂ ಕ್ಷಮೆಯನ್ನೂ ಕೇಳಲಿಲ್ಲ. ಒಟ್ಟು ಖರ್ಚಿನ ಅಂದಾಜನ್ನು ಮುಂಗಡವಾಗಿ ಬರೆದುಕೊಡುವ ಪದ್ಧತಿಯೂ ಅಲ್ಲಿಲ್ಲ.

ಡಿಎಚ್‌ಆರ್ ಸಹಜವಾಗಿತ್ತು, ವಂಶವಾಹಿ ವರದಿಯಲ್ಲಿ ಇಂಟರ್‌ಲ್ಯೂಕಿನ್-12 ಗ್ರಾಹಕದ ಬೀಟಾ-1 ಘಟಕದ ದೋಷ ಕಂಡುಬಂತು. ತಂದೆತಾಯಿ ಇಬ್ಬರೂ ವಾಹಕರು (ಕೆಟ್ಟ ವಂಶವಾಹಿಯ ಒಂದು ಪ್ರತಿ ಹೊತ್ತವರು), ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ಶೇ. 25ರಷ್ಟು. ಇಂಟರ್‌ಫೆರಾನ್-ಗಾಮಾದ ಗ್ರಾಹಕವೇ ಸಂಪೂರ್ಣ ಕೆಟ್ಟ ಮಕ್ಕಳಿಗೆ ಇಂಟರ್‌ಫೆರಾನ್-ಗಾಮಾ ಚುಚ್ಚುಮದ್ದು ಫಲಿಸದು, ಇಲ್ಲಿ ಕೆಟ್ಟಿರುವುದು ಅದಕ್ಕಿಂತ ಹಿಂದಿನ ಕೊಂಡಿಯಾದ್ದರಿಂದ ಫಲಿಸಬಹುದು ಎಂಬುದನ್ನು ತಂಗಿಗೆ ಅರ್ಥವಾಗುವವರೆಗೂ ವಿವರಿಸಿದರು. ಬಿಸಿಜಿ ರೋಗಾಣುವಿಗೆ ಪೈರಾಜಿನಮೈಡ್ ಎಂಬ ಕ್ಷಯದ ಔಷಧಿ ನಾಟುವುದಿಲ್ಲವೆಂದು ಔಷಧಿಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಮುಂದಿನ ಮಗುವಿಗೆ ಪರೀಕ್ಷೆಯಾಗುವವರೆಗೆ ಬಿಸಿಜಿ ಹಾಕಬಾರದೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕನ್ನಡದಲ್ಲೇ ಪತ್ರ ಬರೆದುಕೊಟ್ಟಿದ್ದಾರೆ.

ಹೋಗುವವರು ತಾಯಿ ಕಾರ್ಡನ್ನು ಮರೆಯದೆ ಒಯ್ಯಬೇಕು ಮತ್ತು ರಕ್ತವನ್ನು ಶನಿವಾರ ಕೊಡದೆ ವಾರದ ಮಧ್ಯದಲ್ಲಿ, ಬೆಳಿಗ್ಗೆಯೇ ಕೊಡುವುದಾಗಿ ಪಟ್ಟು ಹಿಡಿಯಬೇಕು.